ಅಟ್ಟದ ಕಿಟಕಿಯ ನಲವತ್ತಮೂರು ಕಾಯಿ

ನ್ಯಾಯಾಧೀಶರ ತಲೆಯ ಮೇಲೆ ಫ್ಯಾನು ತಿರುಗುತ್ತಿದೆ, ಅವರ ಮುಂದಿನ ಕಾಗದದ ಮೂಲೆ ಏಳುತ್ತದೆ, ಮಲಗುತ್ತದೆ, ಅದು ನಾನು ಬರೆದ ಲೆಕ್ಕ, ಸಂಜೆ ಕಾಲೇಜಿನಲ್ಲಿ ಕಲಿತಂತೆ ಗೆರೆ ಎಳೆದದ್ದು, ಅಷ್ಟು ದೊಡ್ಡ ಕುರ್ಚಿಯಲ್ಲಿ ಕೂತ ಆ ಹೆಂಗಸು ಪ್ರತಿ ಸಾಲಿಗೂ ಬೆರಳಿಟ್ಟು ಓದುತ್ತಿದ್ದಾರೆ, ಹಾಗೆ ಓದುತ್ತಿದ್ದವರು ಕೊಬ್ಬರಿ ಅಂಗಡಿಯ ಯಜಮಾನಿ ವಿಶಾಲಮ್ಮ ಒಬ್ಬರೇ — ಉಯಿಲಿನಂತೆ ಆಸ್ತಿ ಹಂಚಲು ನನ್ನ ಹೆಸರು ಬರೆಸಿದ ದಿನ ಅಂದಿದ್ದರು, ನೀನೇ ಎಣಿಸು ಕಣೋ ಚನ್ನೇಶ, ನಿಂಗೆ ಭಯ ಐತೆ, ಭಯ ಇರೋನು ಕದಿಯಲ್ಲ — ಆದರೆ ಕೆಳಗಿನ ಕೋರ್ಟು ನನ್ನನ್ನು ಆ ಹೊಣೆಯಿಂದ ತೆಗೆದುಹಾಕಿತು, ಅದಕ್ಕೇ ಈ ಮೇಲ್ಮನವಿ, ಅಟ್ಟಕ್ಕೆ ಏರಿದ ಕಾಯಿ ನಾಲ್ಕು ಸಾವಿರದ ಮುನ್ನೂರ ನಲವತ್ತಮೂರು, ಕೊಬ್ಬರಿಯಾಗಿ ಮಾರಿದ್ದು ನಾಲ್ಕು ಸಾವಿರದ ಮುನ್ನೂರು, ಉಳಿದವು ಎಲ್ಲಿ, ಅಷ್ಟನ್ನು ಮುಚ್ಚಿಟ್ಟವನ ಬೇರೆ ಲೆಕ್ಕ ನಂಬುವುದು ಹೇಗೆ ಅಂದಿತು, ಎರಡು ವರ್ಷ ತೂಕದ ಚೀಟಿ ತಡಕಾಡಿದೆ, ನಾನೇ ಕದ್ದೆನೇನೋ ಅನ್ನಿಸುವಷ್ಟು, ಬೆಳಿಗ್ಗೆ ವರಾಂಡದಲ್ಲಿ ವಿಶಾಲಮ್ಮನ ತಮ್ಮನ ಮಗ ಶರತ್ಚಂದ್ರ ನಕ್ಕ, ಏನ್ಲಾ ಚನ್ನೇಶ, ನೂರಕ್ಕೊಂದು ಕಮಿಷನ್ನಾ, ಕಮ್ಮಿ ಆಯ್ತಲ್ಲ — ನೂರಕ್ಕೊಂದು — ಕಾಗದದ ಮೂಲೆ ಏಳುತ್ತದೆ — ಮಾರಲು ಇಳಿಸುವಾಗ ನೂರು ಎಣಿಸಿದೊಡನೆ ಗುರುತಿಗೆ ಒಂದು ಕಾಯಿ ಕಿಟಕಿಯ ದಂಡೆಯ ಮೇಲೆ ಇಡುತ್ತೇವೆ, ಕೊನೆಗೆ ಗುರುತಿನ ಕಾಯಿ ಎಷ್ಟೋ ಅಷ್ಟು ನೂರು, ದಂಡೆಯ ಮೇಲೆ ನಲವತ್ತಮೂರು, ನಾಲ್ಕು ಸಾವಿರದ ಮುನ್ನೂರು ಎಂದು ಬರೆದೆ, ಗುರುತಿನ ಕಾಯಿಯೂ ಕಾಯಿಯೇ ಎಂಬುದನ್ನು ಮರೆತೆ, ಅಯ್ಯೋ ವಿಶಾಲಮ್ಮ, ನಿಂತುಬಿಟ್ಟಿದ್ದೇನೆ, ವಕೀಲರು ಅಂಗಿ ಎಳೆಯುತ್ತಾರೆ, ಕೂತ್ಕೊಳ್ರೀ, ಗೆಲ್ಲೋ ಕೇಸು ಕೆಡಿಸ್ಬೇಡಿ, ಸ್ವಾಮಿ ನನ್ನ ಲೆಕ್ಕ ತಪ್ಪು, ಪ್ರಮಾಣ ಮಾಡಿ ಕೊಟ್ಟ ಲೆಕ್ಕ ತಪ್ಪು, ಹೇಳಿಬಿಟ್ಟೆ, ಎಲ್ಲವನ್ನೂ ಹೇಳಿಬಿಟ್ಟೆ, ನ್ಯಾಯಾಧೀಶರ ಪೆನ್ನು ನಿಂತಿತು, ಆ ಕಾಯಿ ಈಗಲೂ ಅಲ್ಲೇ ಇವೆಯಾ, ಎಷ್ಟು ಮೆಲ್ಲಗೆ ಕೇಳಿದರು, ಕೋರ್ಟಿನ ಕಮಿಷನರು ಹೋಗಿ ನೋಡಿ ಬರಲಿ ಅಂದರು, ನಲವತ್ತಮೂರು ಕಾಯಿಗಾಗಿ ನ್ಯಾಯವೇ ನಮ್ಮ ಅಟ್ಟದ ಏಣಿ ಹತ್ತುತ್ತದೆ, ಕಾಯಿಗಳು ತಮ್ಮ ನೀರನ್ನು ತಾವೇ ಕುಡಿದು ವರ್ಷವಿಡೀ ಮೌನವಾಗಿ ಮಾಗುವ ಆ ಕತ್ತಲಿಗೆ — ಆದರೆ ಕಸ ಗುಡಿಸುವ ಬೋರಮ್ಮ ಹಬ್ಬದ ಹೊತ್ತಿಗೆ ಕೇಳಿದ್ದಳಲ್ಲ, ಅಯ್ಯ, ಆ ಕಾಯಿ ಸುಮ್ನೆ ಕುಂತವೆ, ತಗೊಂಡೋಗ್ಲಾ, ಬೇಡ ಅಂದೆನೋ, ಚೀಟಿ ಹುಡುಕುವ ಭರದಲ್ಲಿ ಹೂಂ ಅಂದೆನೋ, ನೆನಪಿಲ್ಲ, ಹೂಂ ಅಂದಿದ್ದರೂ ಧೂಳು ಇರುತ್ತದೆ, ಕಾಯಿ ಕೂತ ಗುರುತು ಇರುತ್ತದೆ, ಅವಳು ಒರೆಸದಿದ್ದರೆ, ಕಮಿಷನರು ಕೈ ಚಾಚಿದ್ದಾರೆ, ಬೀಗದ ಕೈ ಕೊಡುತ್ತೇನೆ, ಕಿಟಕಿಯ ದಂಡೆ, ಬಿಸಿಲು, ಧೂಳಿನಲ್ಲಿ ಸಾಲಾಗಿ ನಲವತ್ತಮೂರು ದುಂಡು, ಕಿಟಕಿಯ ದಂಡೆ, ನಲವತ್ತಮೂರು