ಮಗ್ಗುಲು

"ಅಜ್ಜಿ ಅಂದ್ಯಾ? ಯಾರೇ ನಿಂಗೆ ಅಜ್ಜಿ? ನಿನ್ನ ಕೇರಿ ನಾಲಿಗೇನ ಗೇಟಿನಾಚೆ ಬಿಟ್ಟು ಬಾ ಅಂತ ಎಷ್ಟು ಸಲ ಹೇಳ್ಬೇಕು? ವಯಸ್ಸಾದೋರಿಗೆ ಮರ್ಯಾದೆ ಕೊಡೋದು ನಿಮ್ಮವರಿಗೆ ಗೊತ್ತೇ ಇಲ್ವಾ?"

ಯಜಮಾನತಿ ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮಂಚದ ಮೇಲಿದ್ದುದು ಅವಳ ತಾಯಿ. ಲಕ್ವ ಹೊಡೆದ ಮೇಲೆ ತಾನಾಗಿ ಹೊರಳಲಾರಳು. ಮುದುಕಿಯನ್ನು ನೋಡಿಕೊಳ್ಳಲು ಬರುವ ಆಯಾ, ಅವಳ ಬೆನ್ನ ಕೆಳಗೆ ಕೈ ತೂರಿಸಿ, "ಅಮ್ಮಾವ್ರೇ, ಸ್ವಲ್ಪ ಮಗ್ಗುಲು ಬದಲಿಸೋಣ್ವಾ?" ಎಂದು ಬೆಣ್ಣೆಯಂಥ ದನಿ ತೆಗೆದಳು.

ಹೊರಳಿಸಿ, ಒರೆಸಿ, ಪೌಡರು ಸವರಿದಳು. ಗಾಯವಿಲ್ಲ, ಒಂದು ಕೆಂಪು ಕಲೆಯೂ ಇಲ್ಲ. ಹಸುಗೂಸಿನ ಬೆನ್ನು. ಅದನ್ನು ಹಾಗೆ ಕಾಪಾಡಿದ್ದು ತನ್ನದೇ ಕೈ. ಆದರೂ ಕಂಡಾಗಲೆಲ್ಲ ಹೊಟ್ಟೆಗೆ ಕೆಂಡ ಬಿದ್ದಂತಾಗುತ್ತಿತ್ತು. ಒಂದು ಸಲ ಉಗುರಾಡಿಸಿಬಿಡಲೇ ಎನಿಸಿ, ಬೆರಳು ಮಡಚಿಕೊಂಡಳು.

ಅವಳ ಮನೆಯೆಂದರೆ ಒಂದೇ ಕೋಣೆ. ಸೊಂಟ ಮುರಿದು ಚಾಪೆ ಹಿಡಿದ ಅವ್ವ, ಬೆಳಗ್ಗೆ ಮಲಗಿಸಿ ಹೋದ ಮಗ್ಗುಲಿನಲ್ಲೇ ಸಂಜೆಯೂ ಇದ್ದಳು. ಪಕ್ಕದ ಮನೆಯವಳು ನೀರು ಕುಡಿಸಿ ಹೋಗುತ್ತಾಳೆ, ಹೊರಳಿಸುವುದಕ್ಕೆ ಅವಳಿಗೆ ಹೇಸಿಗೆ. ಆಯಾ ಬಗ್ಗಿ ಕೈ ತೂರಿಸಿದಳು. ದಣಿದ ಬಾಯಿ ತನ್ನಷ್ಟಕ್ಕೆ ತಾನೇ ಆಡಿತು: "ಅಮ್ಮಾವ್ರೇ, ಸ್ವಲ್ಪ ಮಗ್ಗುಲು ಬದಲಿಸೋಣ್ವಾ?"

ಅವ್ವ ಅವಳನ್ನು ದುರುಗುಟ್ಟಿ ನೋಡಿದಳು. "ಯಾರೇ ಅಮ್ಮಾವ್ರು, ಮುಂಡೆ? ನಂಗೆ ಯಾವತ್ತಾದ್ರೂ ಹಿಂಗೆ ಕೇಳಿದ್ಯಾ? 'ಹೊರಳವ್ವಾ, ಹೊತ್ತಾಯ್ತು' ಅಂತೀಯ. ನಯ ನಾಜೂಕೆಲ್ಲ ಆ ಮುದುಕಿಗೆ."

"ಅದು ಕೆಲ್ಸ ಅವ್ವಾ."

"ಹಂಗಾದ್ರೆ ನಂದೂ ಕೆಲ್ಸ ಅಂತ್ಲೇ ಮಾಡು. ಹೆತ್ತೋಳು ಅಂತ ಮಾಡ್ಬೇಡ."

ಬಟ್ಟೆ ಸರಿಸಿದರೆ ಸೊಂಟದ ಹುಣ್ಣು ಬಾಯಿ ತೆರೆದಿತ್ತು.

ಮರುದಿನ ಆಯಾ ಯಜಮಾನತಿಗೆ ಹುಣ್ಣಿನ ಸಂಗತಿ ಹೇಳಿ, ಮಧ್ಯಾಹ್ನ ಒಂದು ಗಳಿಗೆ ಮನೆಗೆ ಹೋಗಿ ಅವ್ವನನ್ನು ಹೊರಳಿಸಿ ಬರುತ್ತೇನೆಂದು ಕೇಳಿಕೊಂಡಳು.

"ವಯಸ್ಸಾದೋರನ್ನ ಒಂಟಿಯಾಗಿ ಬಿಟ್ಟು ಹೋಗೋಕೆ ಮನಸ್ಸಾದ್ರೂ ಹೇಗೆ ಬರುತ್ತೇ ನಿಂಗೆ?" ಎಂದಳು ಯಜಮಾನತಿ. "ನಿಮ್ಮವ್ವ ಸತ್ರೆ ಹೇಳು, ರಜೆ ಕೊಡ್ತೀನಿ."

ಅದರ ಮರುದಿನ ಗೇಟಿನೆದುರು ತಳ್ಳುಗಾಡಿ ನಿಂತಿತು. ಆಯಾ ಅವ್ವನನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡು ನಡುಮನೆ ದಾಟಿ, ಆ ಅಗಲ ಮಂಚದ ಖಾಲಿ ಅರ್ಧದಲ್ಲಿ ಮಲಗಿಸಿದಳು.

"ಇಳಿಸೇ ಕೆಳಗೆ. ಹಾಸಿಗೆಯೆಲ್ಲ ಗಬ್ಬೆದ್ದು ಹೋಗುತ್ತೆ. ಪೊಲೀಸ್ ಕರೀತೀನಿ ನೋಡು."

"ಕರೀರಿ. ಅವರು ಬರೋದ್ರೊಳಗೆ ಒಂದು ಮಗ್ಗುಲಾಗುತ್ತೆ."

ಯಜಮಾನತಿಯ ತಾಯಿ ಪಕ್ಕದವಳನ್ನು ಓರೆಗಣ್ಣಿನಿಂದ ನೋಡಿದಳು. ಆಡುವ ಒಂದು ಕೈಯಿಂದ ಆಯಾಳ ಮುಂಗೈಯನ್ನು ಬಿಗಿಯಾಗಿ ಹಿಡಿದಳು. "ಮೊದಲು ನಂಗೆ."

ಆಯಾ ಆ ಬೆರಳುಗಳನ್ನು ನೋವಾಗದಂತೆ ಬಿಡಿಸಿದಳು.

"ನೀವು ಕಾಯ್ಬೇಕು," ಎಂದಳು.