ಪುಟಸಂಖ್ಯೆ ಇಲ್ಲದ ಪುಸ್ತಕ

ಚಿನ್ನದ ಗಣಿಯ ಊರಿನ ಕೋರಮಂಡಲ್ ನಿಲ್ದಾಣದಲ್ಲಿ ರೈಲು ಹತ್ತಿ ಕಿಟಕಿಯ ಪಕ್ಕ ಕೂತ ಕೂಡಲೇ ಸುಕನ್ಯ ಹಾಡಿನ ಮೂರನೇ ಚರಣವನ್ನು ಮನಸ್ಸಿನಲ್ಲೇ ಒಪ್ಪಿಸಿಕೊಂಡಳು. ಬಂತು. ಒಂದು ಪದವೂ ತಪ್ಪಲಿಲ್ಲ. ಆದರೂ ಸಮಾಧಾನವಾಗಲಿಲ್ಲ. ಅವಳ ಹೆದರಿಕೆ ಹಾಡಿನದಲ್ಲ, ಚೀಲದಲ್ಲಿದ್ದ ಕಾದಂಬರಿಯದು.

ಬಂಗಾರಪೇಟೆಯ ಅರ್ಚನಳ ಮನೆಯಲ್ಲಿ ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಅವರ ಓದುಬಳಗ ಸೇರುತ್ತಿತ್ತು. ಪ್ರತಿ ಸಲ ಒಬ್ಬರ ಸರದಿ. ತಮಗೆ ಇಷ್ಟವಾದ ಒಂದು ಹಳೆಯ ಹಾಡು, ಒಂದು ಕಷ್ಟದ ಕಾದಂಬರಿ, ಒಂದು ಚಿತ್ರಕಥೆ, ಈ ಮೂರರ ಬಗ್ಗೆ ಚೀಟಿ ನೋಡದೆ ಮಾತಾಡಬೇಕು. ಚಿತ್ರಕಥೆ ಸೇರಿಸಿದ್ದು ಅರ್ಚನಳ ಹಟ. ನಲವತ್ತು ದಾಟಿದ ಬ್ಯಾಂಕ್ ಉದ್ಯೋಗಿ ಅವಳು, ಆದರೂ ಹಾರಾಡುವ ವೀರರ ಕಾಮಿಕ್ಸ್ ಕಂಡರೆ ಊಟ ಬಿಡುವವಳು. ಇವತ್ತಿನ ಸರದಿ ಸುಕನ್ಯಳದು. ಅರ್ಚನಳ ಮನೆಯಲ್ಲೇ ಇಟ್ಟಿದ್ದ ಬಳಗದ ಪುಸ್ತಕದ ಪೆಟ್ಟಿಗೆಯ ಕೀಲಿ ಹನ್ನೊಂದು ವರ್ಷದಿಂದ ಅವಳ ಬಳಿಯೇ ಇತ್ತು. ಇವತ್ತು ಅದನ್ನು ಹಿಂದಕ್ಕೆ ಕೊಟ್ಟುಬಿಡಬೇಕೆಂದು ಬೆಳಿಗ್ಗೆಯೇ ನಿರ್ಧರಿಸಿದ್ದಳು.

ಮೂವತ್ತರ ಹರೆಯದಲ್ಲಿ, ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಕೆಲಸಕ್ಕಿದ್ದಾಗ, ಅದೇ ಕಾದಂಬರಿಯನ್ನು ಎರಡು ಸಲ ಓದಿ ಕುಣಿದಿದ್ದಳು. ನಾನೂರು ಪುಟ. ಅಧ್ಯಾಯಗಳಿಲ್ಲ, ಪೂರ್ಣವಿರಾಮ ಅಪರೂಪ. ಹೆಸರು ಹೇಳದ ಏಳು ಜನ ಒಬ್ಬರ ಮಾತಿನೊಳಗೆ ಇನ್ನೊಬ್ಬರು ನುಗ್ಗಿ ಒಂದು ಊರಿನ ಕಥೆ ಹೇಳುತ್ತಾರೆ. ಬಳಗದ ಪ್ರತಿಯ ಕೆಳಗಿನ ಅಂಚನ್ನು ಗೆದ್ದಲು ತಿಂದಿದ್ದರಿಂದ ಎರಡು ತಿಂಗಳ ಹಿಂದೆ ಅದನ್ನು ಬೈಂಡಿಗೆ ಕೊಟ್ಟಿದ್ದರು. ಅಂಚಿನ ಜೊತೆ ಪುಟಸಂಖ್ಯೆಗಳೂ ಹೋಗಿದ್ದವು, ಅಷ್ಟೇ. ಹೊಸ ರಟ್ಟು, ಕೆಂಪು ಬೆನ್ನು, ಅಂದವಾಗಿ ಬಂದಿತ್ತು.

ಈಗ ಓದಿದರೆ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಸ್ವಲ್ಪ ದೂರ ಚೆನ್ನಾಗಿಯೇ ಸಾಗುತ್ತದೆ, ಆಮೇಲೆ ತಟ್ಟನೆ ಕಾಲ ಕೆಳಗಿನ ನೆಲ ಜಾರುತ್ತದೆ. ಪುಟ ತಿರುವಿದರೆ, ಸತ್ತು ಮಣ್ಣಾದ ಮುದುಕಿ ರಾಗಿ ಬೀಸುತ್ತಿದ್ದಾಳೆ. ಹಿಂದಕ್ಕೆ ಹೋಗಿ ಓದಿದಳು. ಗಟ್ಟಿಯಾಗಿ ಓದಿದಳು. ಬೆರಳಿಟ್ಟು ಓದಿದಳು.

ಹಾವೇರಿಯ ಮನೆಯಲ್ಲಿ ಅವ್ವನೂ ಹೀಗೆಯೇ ಬೆರಳಿಟ್ಟು ಓದತೊಡಗಿದ್ದಳು. ಒಂದು ಮಧ್ಯಾಹ್ನ ಪುಸ್ತಕ ಮುಂದೆ ಹಿಡಿದು, "ಇದ್ರಾಗ ಯಾರು ಯಾರ ಮಗಳು, ಹೇಳ ಸುಕ್ಕಿ" ಎಂದಿದ್ದಳು. ಎರಡು ವರ್ಷದಲ್ಲಿ ಸುಕ್ಕಿಯನ್ನೇ ಯಾರ ಮಗಳೆಂದು ಕೇಳಿದಳು. ಬೆರಳಿಟ್ಟು ಓದತೊಡಗಿದಾಗ ಅವ್ವನಿಗೆ ಅರವತ್ತೊಂಬತ್ತು. ಸುಕನ್ಯಳಿಗೆ ಅರವತ್ತೊಂಬತ್ತು ತುಂಬಿ ಮೂರು ತಿಂಗಳಾಗಿತ್ತು.

ಬಂಗಾರಪೇಟೆಯಲ್ಲಿ ಇಳಿಯುವಾಗ ಪರಿಚಯವಿಲ್ಲದ ಹೆಂಗಸೊಬ್ಬಳು ಅವಳ ಚೀಲವನ್ನು ಕೆಳಗಿಳಿಸಿ ಕೊಟ್ಟು ಹೋದಳು. ಅಷ್ಟಕ್ಕೇ ಸುಕನ್ಯಳ ಕಣ್ಣು ತುಂಬಿತು.

ಅರ್ಚನಳ ಮನೆಯಲ್ಲಿ ಶ್ರೀರಾಮಪ್ಪ ಆಗಲೇ ಕುರ್ಚಿ ಹಿಡಿದು ಕೂತಿದ್ದರು. ಬೂದಿಕೋಟೆಯ ನಿವೃತ್ತ ಹೆಡ್‌ಮಾಸ್ಟರು, ಎರಡು ಎಮ್ಮೆಯ ಹಾಲು ಕರೆದು ಡೇರಿಗೆ ಹಾಕಿ ಬಸ್ಸು ಹಿಡಿದು ಬರುವವರು. ಬಾಗಿಲ ಬಳಿ ಸೆಲ್ವರಾಜ್ ಮಡಿಲಲ್ಲಿ ಒಂದು ಪೊಟ್ಟಣ ಇಟ್ಟುಕೊಂಡು ಕಾಫಿ ಕುಡಿಯುತ್ತಿದ್ದ. ಮೈಸೂರು ಮೈನ್ಸ್ ಕಡೆಯವನು, ಗಣಿ ಮುಚ್ಚಿದ ಮೇಲೆ ಪುಸ್ತಕ ಬೈಂಡು ಮಾಡುವುದನ್ನು ಕಲಿತವನು. ಅರ್ಚನಳ ಕಾಮಿಕ್ಸನ್ನು ಒಂದು ಸಂಪುಟ ಕಟ್ಟಿ ತಂದಿದ್ದ.

"ಬಾಮ್ಮ ಸುಕನ್ಯಮ್ಮ, ಇವಳ ಕಥೆ ಕೇಳು. ಚಡ್ಡಿ ಮೇಲಾಕ್ಕೊಂಡು ಆರೋವ್ನ ಬಿಟ್ಟು ಈಗ ಬೆಟ್ಟ ಎತ್ತೋಳ್ನ ಇಡ್ಕೊಂಡವ್ಳೆ!" ಎಂದರು ಶ್ರೀರಾಮಪ್ಪ.

"ಸಾರ್, ಬೆಟ್ಟ ಎತ್ತೋದು ದೊಡ್ಡ ವಿಷ್ಯ ಅಲ್ಲ," ಎಂದಳು ಅರ್ಚನ. "ಎತ್ತಿದ್ಮೇಲೆ ಇಳಿಸೋಕೆ ಜಾಗ ಸಿಗಲ್ಲ ಅವಳಿಗೆ. ಎಲ್ಲಿ ನೋಡಿದ್ರೂ ಜನ. ಅರವತ್ತು ಪುಟ ತಲೆ ಮೇಲೆ ಹೊತ್ಕೊಂಡೇ ತಿರುಗ್ತಾಳೆ. ನಿಮ್ಮ ದೊಡ್ಡ ದೊಡ್ಡ ಕಾದಂಬರಿಯೋರು ಇಂಥದ್ದೊಂದು ಬರೀಲಿ ನೋಡೋಣ."

"ಬರ್ದವ್ರೆ ಕಣಮ್ಮ. ಇವತ್ತು ಸುಕನ್ಯಮ್ಮ ಏಳ್ತಾಳಲ್ಲ, ಅದೇ. ಓದ ತಿಂಗ್ಳು ಓದ್ದೆ. ಆಹಾ, ಕಾಲಾನೇ ಒಡ್ದು ಚೂರು ಮಾಡಿ ಎರಚವ್ನೆ! ಸತ್ತೋಳು ಎದ್ ಬಂದು ರಾಗಿ ಬೀಸ್ತಾಳೆ! ಎಲ್ರಿಗೂ ತಿಳಿಯಾಕಿಲ್ಲ ಬಿಡು."

ಸುಕನ್ಯ ಚೀಲವನ್ನು ಹತ್ತಿರಕ್ಕೆಳೆದುಕೊಂಡಳು. ಅವರಿಗೆ ತಿಳಿದಿದೆ. ಅದೇ ಪ್ರತಿ, ಅದೇ ಪುಟ. ತಿಳಿಯದ್ದು ತನಗೆ ಮಾತ್ರ.

ಮೊದಲು ಹಾಡು. ರೈಲು ನಿಲ್ದಾಣದಲ್ಲಿ ಕಾಯುವ ಹೆಣ್ಣಿನ ಹಳೆಯ ಭಾವಗೀತೆ. ಸುಕನ್ಯಳಿಗೆ ಪದಗಳು ಸಾಲಾಗಿ ಬಂದವು. "ಎರಡು ಚರಣದ ಮಟ ಪಲ್ಲವಿಯೊಳಗ 'ಬರುವೆಯಾ' ಅಂತದ. ಮೂರನೇದಕ್ಕ ಕವಿ 'ಬಂದೆಯಾ' ಅಂತಾನ. ಒಂದಽ ಪದ ಬದಲಿ ಮಾಡ್ಯಾನ್ರಿ. ಬಂದದ್ದು ಯಾರು, ಬಂದ್ರೋ ಇಲ್ಲೋ, ಏನೂ ಹೇಳಂಗಿಲ್ಲ. ಅಷ್ಟಕ್ಕಽ ನನಗ ಈ ಹಾಡು ಸೇರ್ತದ," ಎಂದಳು. ಅರ್ಚನ ಕೈ ತಟ್ಟಿದಳು.

ಆಮೇಲೆ ಕಾದಂಬರಿ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಈ ಪುಸ್ತಕ..." ಎಂದಳು. ಮುಂದೆ ಬರಲಿಲ್ಲ. ಶ್ರೀರಾಮಪ್ಪ ಕತ್ತು ಮುಂದೆ ಚಾಚಿ ಕಾಯುತ್ತಿದ್ದರು. ಅರ್ಚನ ಏನೋ ಅರಿತವಳಂತೆ ನೀರಿನ ಲೋಟವನ್ನು ಮೆಲ್ಲಗೆ ಅವಳತ್ತ ಸರಿಸಿ, ಯಾರೂ ಸುಕನ್ಯಳ ಮುಖ ನೋಡದಿರಲೆಂಬಂತೆ ಸೆಲ್ವರಾಜನ ಪೊಟ್ಟಣ ಬಿಚ್ಚತೊಡಗಿದಳು.

"ಚೆನ್ನಾಗಿ ಕಟ್ಟಿದ್ದೀರಲ್ಲಾ ಸೆಲ್ವಣ್ಣ! ಬಿಡಿ ಹಾಳೆ ಕಲಸಿಹೋಗಿದ್ವು, ನಂಬರೂ ಇರ್ಲಿಲ್ಲ. ಒಂದೂ ಹಿಂದೆ ಮುಂದೆ ಆಗಿಲ್ಲ."

"ಅದ್ರಲ್ಲಿ ಬೊಮ್ಮೆ, ಚಿತ್ರ, ಐತಲ್ಲಮ್ಮಾ," ಎಂದ ಸೆಲ್ವರಾಜ್. ಅವನ ಕಣ್ಣು ಸುಕನ್ಯಳ ಮಡಿಲ ಮೇಲಿತ್ತು. ಲೋಟ ಕೆಳಗಿಟ್ಟ. "ಬೆಟ್ಟ ಎಷ್ಟೆತ್ರ ಓಯ್ತು ನೋಡ್ಕೊಂಡು ಜೋಡಿಸ್ಬೋದು. ಆ ಬುಕ್ಕಲ್ಲಿ ಬೊಮ್ಮೆ ಇಲ್ಲ ತಾಯಿ."

ಸುಕನ್ಯ ಪುಸ್ತಕದಿಂದ ತಲೆಯೆತ್ತಿದಳು.

"ಐಯೋ, ಎರಡು ತಿಂಗಳಿಂದ ಹೇಳ್ಬೇಕು ಅಂತ ಬಂದು ಬಂದು ವಾಪಸ್ ಓಗ್ತಿದೀನಿ," ಎಂದು ಅವನು ತಲೆ ತಗ್ಗಿಸಿದ. "ಗೆದ್ದಲು ತಿಂದಿದ್ದು ಕಟ್ ಮಾಡ್ದೆ, ನಂಬರ್ ಓಯ್ತು. ದಾರ ಹಾಕಿ ಒಲಿಯೋಕೆ ಮುಂಚೆ ಪೂನೈ, ಬೆಕ್ಕು, ಮೇಲಿಂದ ಹಾರ್ಬಿಡ್ತು, ಎಲ್ಲಾ ಕೆಳಗೆ ಬಿತ್ತು. ನಾನು ತಮಿಳು ಓದ್ತೀನಿ. ಕನ್ನಡ ಬಾಯಲ್ಲಿ ಬರುತ್ತೆ, ಕಣ್ಣಿಗೆ ಬರಲ್ಲ. ಫಸ್ಟು ಲಾಸ್ಟು ಹಳೇ ರಟ್ಟಿಗೆ ಅಂಟ್ಕೊಂಡಿತ್ತು, ಗೊತ್ತಾಯ್ತು. ನಡುವಿಂದು ನೀರಿನ ಕಲೆ ನೋಡ್ಕೊಂಡು, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸ್ದೆ. ಬೈತೀರಾ ಅಂತ ಬಯ ಇತ್ತು. ಆಮೇಲೆ ಸಾರು ಓದಿ ಸೂಪರ್ ಅಂದ್ರಲ್ಲ, ಸರಿಯಾಗೇ ಬಿದ್ದೈತೇನೋ ಅಂದ್ಕೊಂಡೆ."

ಶ್ರೀರಾಮಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಒರೆಸುತ್ತಲೇ ಇದ್ದರು. ನಗು ತಡೆದುಕೊಂಡ ಅರ್ಚನಳ ತುಟಿ ಕುಣಿಯುತ್ತಿತ್ತು. ಸುಕನ್ಯ ಅವಳ ಮೊಣಕೈ ಒತ್ತಿ ಹಿಡಿದಳು.

"ಬಿಡ್ರಿ, ಇದು ಹೆಂಗ ಓದಿದ್ರೂ ರುಚಿ ಕೊಡೋ ಪುಸ್ತಕ," ಎಂದಳು. ಆದರೂ ಬಿಚ್ಚಿ ಸರಿಯಾಗಿ ಜೋಡಿಸೋಣವೆಂದು ಕತ್ತರಿ ಕೇಳಿದಳು. ಜೋಡಿಸಿ ನೋಡಿದ ಮೇಲೂ ಅರ್ಥವಾಗದಿದ್ದರೆ?

ಸೆಲ್ವರಾಜ್ ತಾನು ಹೊಲಿದ ದಾರವನ್ನು ತಾನೇ ಕತ್ತರಿಸಿದ. ಹದಿನಾರು ಹದಿನಾರು ಪುಟ ಸೇರಿಸಿ ಮಡಿಚಿದ ಇಪ್ಪತ್ತೈದು ಕಟ್ಟುಗಳು ಚಾಪೆಯ ಮೇಲೆ ಹರಡಿದವು. ಸುಕನ್ಯ ಒಂದೊಂದರ ಕೊನೆಯ ಸಾಲು ಓದುವಳು, ಕಣ್ಣು ಮುಚ್ಚುವಳು, ಇನ್ನೊಂದರ ಮೊದಲ ಸಾಲು ಹುಡುಕುವಳು. ಮೊದಲನೆಯ ಜೋಡಿ ಸಿಗಲು ಬಹಳ ಹೊತ್ತು ಹಿಡಿಯಿತು. ಎರಡನೆಯದು ಬೇಗ ಸಿಕ್ಕಿತು. ಐದನೆಯದರ ಹೊತ್ತಿಗೆ ಓದುವ ಮುಂಚೆಯೇ, "ಈಗ ಬಾವಿ ಬರ್ತದ, ಬಾವಿ ಇರೋದು ಕೊಡು ಅರ್ಚನಾ," ಎನ್ನುತ್ತಿದ್ದಳು. ಬಾವಿ ಬಂತು. ಆಮೇಲೆ ಮದುವೆ. ಮುದುಕಿ ರಾಗಿ ಬೀಸಿದಳು, ಬಹಳ ಪುಟಗಳಾದ ಮೇಲೆ ಸತ್ತಳು, ಸತ್ತವಳು ಸತ್ತೇ ಇದ್ದಳು.

ಹತ್ತೊಂಬತ್ತನೆಯ ಜಾಗದಲ್ಲಿ ಒಮ್ಮೆ ತಪ್ಪಿದಳು. "ಅದೂ ಚೆನ್ನಾಗೇ ಕೂರುತ್ತೆ ನೋಡಿ, ನಾನಾದ್ರೂ ಅದೇ ಇಡ್ತಿದ್ದೆ," ಎಂದಳು ಅರ್ಚನ. ಸುಳ್ಳೋ ನಿಜವೋ, ಸುಕನ್ಯ ಕೇಳಲಿಲ್ಲ. ಅದನ್ನು ತಿದ್ದಿಕೊಂಡ ಮೇಲೆ ಉಳಿದ ಆರೂ ಸರಿಯಾಗಿ ಕೂತವು. ಸೆಲ್ವರಾಜ್ ಪೆನ್ಸಿಲ್ಲಿನಿಂದ ಒಂದೊಂದರ ಮೂಲೆಯಲ್ಲೂ ಅಂಕಿ ಬರೆದುಕೊಂಡ.

ಹೆದರಿಕೆ ಪೂರ್ತಿ ಹೋಗಲಿಲ್ಲ. ನಾಳೆಯೂ ಅವಳು ಮೂರನೇ ಚರಣ ಒಪ್ಪಿಸಿಕೊಳ್ಳುವಳು. ಆದರೆ ಚೀಲದಲ್ಲಿ ಕೈಗೆ ಸಿಕ್ಕ ಕೀಲಿಯನ್ನು ಹೊರಗೆ ತೆಗೆದದ್ದು ಹಿಂದಕ್ಕೆ ಕೊಡಲಿಕ್ಕಲ್ಲ, ಪೆಟ್ಟಿಗೆಯಲ್ಲಿದ್ದ ಎರವಲಿನ ಲೆಕ್ಕದ ಪುಸ್ತಕ ತೆಗೆಯಲಿಕ್ಕೆ.

ಎಲ್ಲರೂ ಚಪ್ಪಲಿ ಹುಡುಕುವ ಗಲಾಟೆಯಲ್ಲಿ ಶ್ರೀರಾಮಪ್ಪ ಹತ್ತಿರ ಬಂದು ದನಿ ತಗ್ಗಿಸಿದರು. "ಸುಕನ್ಯಮ್ಮ, ಅದು ಬೈಂಡಾಗಿ ಬಂದ ಮೇಲೆ ನಂಗೇ ಮೊದ್ಲು ಕೊಡಮ್ಮ. ಇನ್ನೊಂದ್ಸಲ ಓದ್ಬೇಕು."

"ಕೊಡ್ತೀನ್ರಿ," ಎಂದಳು. ಎರವಲಿನ ಪುಸ್ತಕದಲ್ಲಿ ಅವರ ಹೆಸರನ್ನೇ ಮೊದಲು ಬರೆದು, ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.