ಹಲ್ಲಲ್ಲಿ ಕೇಳಿದ್ದು

ಮೇಸ್ತ್ರಿಯ ಹೆಂಡತಿ ನಗುನಗುತ್ತಲೇ ತಟ್ಟೆ ಮುಂದಿಟ್ಟು, "ನುಂಗು, ಎಮ್ಮೆ," ಅಂದಳು. ಅವಳ ನಗು ನೋಡಿ ಮೇಸ್ತ್ರಿಯೂ ನಕ್ಕ. ಎದುರಿಗೆ ಕೂತಿದ್ದ ಅವನ ತಮ್ಮನಿಗೆ ತುತ್ತು ನೆತ್ತಿಗೇರಿತು.

"ಸಾಕು ಮಾಡಿ ಅತ್ತಿಗೆ, ನಗಿಸಿ ನಗಿಸಿ ಸಾಯಿಸ್ತೀರ."

"ಅಯ್ಯೋ, ಕೇಳಿದರೆ ತಾನೇ? ಗುಂಡುಕಲ್ಲಿಗೆ ಬೈದ ಹಾಗೆ."

ದಿನಾ ಇದೇ ಆಟ. ಗಾಳಿ ತುಂಬುವಾಗ ಲಾರಿ ಟೈರು ಮುಖದ ಪಕ್ಕದಲ್ಲೇ ಸಿಡಿದು ಮೇಸ್ತ್ರಿಯ ಎರಡೂ ಕಿವಿ ಹೋಗಿದ್ದವು. ಒಳಗಿನ ನರ ಚೆನ್ನಾಗಿದೆ, ಹೊರಗಿನ ದಾರಿ ಮಾತ್ರ ಕೆಟ್ಟಿದೆ ಅಂತ ಡಾಕ್ಟರು ಹೇಳಿದ್ದರು. "ಶಟರ್ ಎಳೆದ ಅಂಗಡಿ. ಒಳಗೆ ಮಾಲಿದ್ದರೆ ಯಾರಿಗೆ ಬಂತು?" ಅಂದು ಹೆಂಡತಿ ಆ ಮಾತನ್ನು ಅಲ್ಲೇ ಬಿಟ್ಟಿದ್ದಳು.

ಗ್ಯಾರೇಜು ನಡೆಯುತ್ತಿದ್ದದ್ದು ತಮ್ಮನ ಕೈಯಲ್ಲಿ. ತಂದೆ ಸತ್ತ ಮೇಲೆ ಮೇಸ್ತ್ರಿಯೇ ಹೆಗಲ ಮೇಲೆ ಹೊತ್ತು ಬೆಳೆಸಿದ ತಮ್ಮ. ಪಾನಾ ಹಿಡಿಯುವುದರಿಂದ ಹಿಡಿದು ಎಲ್ಲ ಕಲಿಸಿದ್ದೂ ಅವನೇ. ಈಗ ತಮ್ಮ ಗಿರಾಕಿಗಳ ಮುಂದೆ ಅವನನ್ನು ಕಿವುಡ ಅಂತಲೇ ಕರೆಯುತ್ತಿದ್ದ. ಅಣ್ಣ ಅನ್ನುವ ಮಾತು ಅವನ ಬಾಯಿಗೆ ಮರೆತೇ ಹೋಗಿತ್ತು.

ಎಂಜಿನ್ನಿನ ಒಳಗೆ ಏನು ಸವೆದಿದೆ ಅಂತ ತಿಳಿಯಲು ಮೆಕ್ಯಾನಿಕ್ಕುಗಳು ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತುತ್ತಾರೆ. ಒಂದು ದಿನ ಮೇಸ್ತ್ರಿ ಹಳೇ ಅಭ್ಯಾಸದಲ್ಲಿ ಹಾಗೇ ಮಾಡಿದ. ಟಕ್ ಟಕ್ ಅಂತ ಸವೆದ ಬೇರಿಂಗು ತಲೆಯೊಳಗೇ ಬಡಿಯಿತು. ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿದ. ಇನ್ನೂ ಸ್ಪಷ್ಟ.

"ನೋಡಿ, ನಾಯಿಗೆ ಮೂಳೆ ಸಿಕ್ತು," ಅಂತ ತಮ್ಮ ಗಿರಾಕಿಗೆ ಹೇಳಿ ಒಳಗೆ ಹೋದ.

ಮೇಸ್ತ್ರಿ ಸಂತೆಗೆ ಬಂದ ಮಗುವಿನ ಹಾಗೆ ಷೆಡ್ಡೆಲ್ಲ ಸುತ್ತಿದ. ಟೈರಿಗೆ ಮೊನೆ ಒತ್ತಿದ, ರಬ್ಬರು ಎಲ್ಲ ನುಂಗಿಕೊಂಡು ಸುಮ್ಮನಿತ್ತು. ಇಟ್ಟಿಗೆ ಗೋಡೆ ಸತ್ತು ಬಿದ್ದ ಹಾಗಿತ್ತು. ನೀರಿನ ಪೈಪಿನಲ್ಲಿ ಬೀದಿಯ ನಲ್ಲಿಗೆ ಯಾರೋ ಕೊಡ ತಾಗಿಸಿದ್ದು ಇಲ್ಲೇ ತಾಗಿಸಿದ ಹಾಗೆ ಕೇಳಿಬಂತು. ಕೊನೆಗೆ ಷೆಡ್ಡಿಗೂ ಅಡುಗೆಮನೆಗೂ ನಡುವಿನ ತೆಳು ಹಲಗೆಗೆ ಮೊನೆ ಒತ್ತಿ ಕಚ್ಚಿದ.

ಹೆಂಡತಿಯ ದನಿ!

ಅವನಿಗೆ ಅಳು ಬಂತು. ಓಡಿಹೋಗಿ ಹೇಳಬೇಕು ಅಂದುಕೊಂಡ. ಆದರೆ ಆ ದನಿಯನ್ನು ಇನ್ನೊಂದು ಗಳಿಗೆ ಕೇಳುವ ಆಸೆ. ಕೇಳಿದ.

"...ಆ ಎಮ್ಮೆಗೆ ಷೆಡ್ಡಿನ ಹಿಂದೆ ಒಂದು ಚಾಪೆ ಹಾಕಿದರಾಯ್ತು. ಗಾಡಿ ತೊಳ್ಕೊಂಡು ಬಿದ್ದಿರಲಿ."

"ಗ್ಯಾರೇಜು ನನ್ನ ಹೆಸರಿಗೆ ಆಗೋತನಕ ಸ್ವಲ್ಪ ನಗ್ತಾ ಇರಿ ಅತ್ತಿಗೆ. ಹೆಬ್ಬೆಟ್ಟು ಒತ್ತಿಸ್ಕೊಂಡ ಮೇಲೆ ಯಾರಿಗೆ ಹೆದರಬೇಕು?"

"ಆ ಟೈರು ಇನ್ನೊಂಚೂರು ಹತ್ತಿರ ಸಿಡಿದಿದ್ದರೆ ಈ ತಾಪತ್ರಯವೇ ಇರ್ತಿರಲಿಲ್ಲ."

ಇಬ್ಬರೂ ನಕ್ಕರು. ಮೇಸ್ತ್ರಿ ಹಿಡಿಯನ್ನು ಬಾಯಿಂದ ತೆಗೆದ. ಲೋಕ ಮತ್ತೆ ಮೂಕವಾಯಿತು. ಅವತ್ತು ಊಟಕ್ಕೆ ಕೂತಾಗ ಹೆಂಡತಿ ನಕ್ಕಳು, ಅವನೂ ನಕ್ಕ.

ಆಮೇಲೆ ಬಂದ ವಾರದಲ್ಲಿ ತಮ್ಮ ಒಂದು ಲಾರಿಯ ಚಕ್ರ ಬಿಚ್ಚಿ ಕೆಳಗೆ ನುಗ್ಗಿದ. ಜಾಕಿನ ಪಕ್ಕ ಆಸರೆಗೆ ಮರದ ದಿಮ್ಮಿ ಕೊಡಬೇಕು ಅಂತ ಮೇಸ್ತ್ರಿ ಅವನಿಗೆ ಬಡಿದು ಬಡಿದು ಕಲಿಸಿದ್ದ. ಸೋಮಾರಿ, ಕೊಟ್ಟಿರಲಿಲ್ಲ. ಹೆಂಡತಿ ಅಂಗಡಿಗೆ ಹೋಗಿದ್ದಳು. ಮೇಸ್ತ್ರಿ ಬಾಗಿಲ ಬಳಿ ಸೀಮೆಎಣ್ಣೆಯಲ್ಲಿ ಬೇರಿಂಗು ತೊಳೆಯುತ್ತಿದ್ದ. ನೆಲ ಅದುರಿದ್ದು ಪಾದಕ್ಕೆ ಗೊತ್ತಾಯಿತು. ತಿರುಗಿದ. ಜಾಕು ಜಾರಿತ್ತು. ಲಾರಿಯ ಕೆಳಗೆ ಎರಡು ಕಾಲು ಒದ್ದಾಡುತ್ತಿದ್ದವು.

ಮೇಸ್ತ್ರಿ ಓಡಿದ. ಇನ್ನೊಂದು ಜಾಕನ್ನು ಎಳೆದು ತಂದು ಚಾಸಿಯ ಕೆಳಗೆ ಇಟ್ಟೂ ಬಿಟ್ಟ. ಆಮೇಲೆ ಅವನ ಕೈ ತಾನಾಗಿ ಸ್ಕ್ರೂಡ್ರೈವರಿಗೆ ಹೋಯಿತು. ಮೊನೆಯನ್ನು ಆಕ್ಸಲ್ಲಿಗೆ ಒತ್ತಿ, ಹಿಡಿ ಕಚ್ಚಿದ.

ಆಕ್ಸಲ್ಲು ತಮ್ಮನ ಎದೆಯ ಮೇಲೇ ಕೂತಿತ್ತು. ಅವನ ಉಸಿರು, ದನಿ, ಎದೆಬಡಿತ ಎಲ್ಲ ಸೀದಾ ಕಬ್ಬಿಣಕ್ಕೆ ಇಳಿದು ಅಣ್ಣನ ದವಡೆಗೆ ಬರುತ್ತಿತ್ತು. ಅಷ್ಟು ಹತ್ತಿರದಿಂದ ಮೇಸ್ತ್ರಿ ಯಾರನ್ನೂ ಕೇಳಿರಲಿಲ್ಲ.

"ಅಣ್ಣಾ... ಎತ್ತೋ... ಅಣ್ಣಾ..."

ಮೇಸ್ತ್ರಿಯ ಕಣ್ಣು ತುಂಬಿತು. ಜಾಕಿನ ಸರಳಿಗೆ ಕೈ ಹಾಕಿದ. ಒಂದು ಸಲ ಒತ್ತಿದ.

"ಏ ಕಿವುಡ! ಕಣ್ಣೂ ಹೋಯ್ತೇನೋ ಎಮ್ಮೆ? ಎತ್ತೋ ಬೇಗ! ಗುಂಡುಕಲ್ಲೇ!"

ಕೈ ನಿಂತಿತು.

ಅದನ್ನು ಮನುಷ್ಯನಾದವನು ಮಾಡಬಾರದು. ನಾಯಿಗೂ ಮಾಡಬಾರದು. ಮೇಸ್ತ್ರಿ ಮಾಡಿದ. ಸರಳು ಬಿಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತ, ಹಿಡಿಯನ್ನು ಗಟ್ಟಿಯಾಗಿ ಕಚ್ಚಿಕೊಂಡು, ಕೆಟ್ಟ ಎಂಜಿನ್ ಪರೀಕ್ಷೆ ಮಾಡುವವನ ಹಾಗೆ ಕಣ್ಣು ಮುಚ್ಚಿ ಕೇಳಿದ. ಬೈಗುಳ ಮತ್ತೆ ಅಣ್ಣ ಆಯಿತು. ಅಣ್ಣ ಅಮ್ಮ ಆಯಿತು. ಆಮೇಲೆ ಬರೀ ಬಡಿತ, ತಪ್ಪಿ ತಪ್ಪಿ. ಆಮೇಲೆ ಬರೀ ಕಬ್ಬಿಣ.

ಅವನು ಜಾಕನ್ನು ಇದ್ದ ಜಾಗದಲ್ಲಿಟ್ಟು, ಹೋಗಿ ಬೇರಿಂಗು ತೊಳೆದ.

ಹೆಂಡತಿ ಬಂದವಳು ನೋಡಿ ಚೀಲ ಕೆಡವಿದಳು. ಓಡಿ ಬಂದ ಜನ ಲಾರಿ ಎತ್ತಿದರು. "ಪಾಪ, ಅಷ್ಟು ದೂರದಲ್ಲಿ ಕೂತವನಿಗೆ ಹೇಗೆ ಗೊತ್ತಾಗಬೇಕು? ಬೆನ್ನ ಹಿಂದೆ ಸಿಡಿಲು ಹೊಡೆದರೂ ಕೇಳೋದಿಲ್ಲ," ಅಂತ ಮೇಸ್ತ್ರಿಯ ಬೆನ್ನು ಸವರಿದರು. ಹೆಂಡತಿ ಮಾತ್ರ ಆಕ್ಸಲ್ಲನ್ನೇ ನೋಡುತ್ತಿದ್ದಳು. ಕಪ್ಪು ಗ್ರೀಸಿನ ನಡುವೆ ಮೊನೆ ಚುಚ್ಚಿದ ಒಂದು ಹೊಸ ಗುರುತು ಬೆಳ್ಳಗೆ ಹೊಳೆಯುತ್ತಿತ್ತು. ಕೆಳಗೆ ಬಿದ್ದಿದ್ದ ಸ್ಕ್ರೂಡ್ರೈವರಿನ ಹಿಡಿ ಎಂಜಲಿನಿಂದ ಒದ್ದೆಯಾಗಿತ್ತು. ಅಡುಗೆಮನೆಯ ಹಲಗೆಯ ಮೇಲೂ ಅಂಥದ್ದೇ ಗುರುತು ಕಂಡಿತು.

ಅವಳು ಜನರ ಕಡೆ ತಿರುಗಿದಳು. ಹೇಳಿಬಿಟ್ಟರೆ, ಗಂಡ ಯಾಕೆ ಹಾಗೆ ಮಾಡಿದ ಅಂತ ಅವರು ಕೇಳಿದಾಗ ಏನು ಹೇಳುತ್ತಾಳೆ?

ಮಣ್ಣು ಮಾಡಿ ಬಂದವರೆಲ್ಲ ಹೊರಟ ಮೇಲೆ ಮೇಸ್ತ್ರಿ ಷೆಡ್ಡಿಗೆ ಹೋಗಿ ಹಲಗೆಗೆ ಮೊನೆ ಒತ್ತಿ ಕಚ್ಚಿದ. ಮೊದಲು ಏನೂ ಇಲ್ಲ. ಆಮೇಲೆ ಉಸಿರು, ತೀರಾ ಹತ್ತಿರ. ಅವಳು ಬಾಯನ್ನು ಹಲಗೆಗೇ ತಂದಿದ್ದಳು.

"ರೀ," ಅಂದಳು ಮೆಲ್ಲಗೆ. "ಕೇಳಿಸ್ತಾ ಇದೆಯಾ?"

ಮೇಸ್ತ್ರಿ ಹಿಡಿಯನ್ನು ಬಾಯಿಂದ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿದ.

"ತಟ್ಟೆ ಹಾಕು," ಅಂತ ಕೂಗಿದ. "ಎಮ್ಮೆಗೆ ಹಸಿವಾಗಿದೆ."